ಕೆಳಗಿನ ಅಡುಗೆಮನೆ

ಓವನ್ ಒಲೆಯ ಗಾಜಿನ ಬಾಗಿಲಿಗೆ ಅಂಟಿಸಿದ್ದ ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು. ಟೀಗನ್ ಬಗ್ಗಿ ಒಳಗೆ ನೋಡಿದಳು. ಕಂಬಿಗಳು ಲಕಲಕ ಹೊಳೆಯುತ್ತಿದ್ದವು, ಎಣ್ಣೆಯ ಒಂದು ಕಲೆ ಇಲ್ಲ. ಮಾದರಿ ನೋಡಿದರೆ ಅದು ಅವಳು ಹುಟ್ಟುವ ಮೊದಲಿನ ಒಲೆ. ಇಷ್ಟು ವರ್ಷ ಈ ಮನೆಯವರು ಏನು ತಿಂದು ಬದುಕಿದರು ಎಂದು ಗಂಡನನ್ನು ಕೇಳಿದಳು. ಡೆಕ್ಲನ್ ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟಿದ್ದ. ಶಾಲೆಯಲ್ಲಿ ಚಿತ್ರ ಬರೆಯುವುದು ಕಲಿಸುವವನಿಗೆ ಗೋಡೆಯ ಸದ್ದಿನಿಂದ ಏನು ತಿಳಿಯುತ್ತದೋ ದೇವರೇ ಬಲ್ಲ. ಮನೆ ನೋಡಲು ಬಂದ ಗಂಡಸರೆಲ್ಲ ಕುಟ್ಟುತ್ತಿದ್ದರು, ಅವನೂ ಕುಟ್ಟುತ್ತಿದ್ದ.

ಮೆಲ್ಬರ್ನ್‌ನ ಉತ್ತರಕ್ಕೆ ರೆಸರ್ವಾಯರ್ ಎಂಬ ಬಡಾವಣೆಯಲ್ಲಿ, ಇಳಿಜಾರಿನ ಮೇಲೆ ಕಟ್ಟಿದ ಇಟ್ಟಿಗೆಯ ಮನೆ ಅದು. ಕೆಳಗೆ ಗ್ಯಾರೇಜು, ಮೇಲೆ ವಾಸ. ಟೀಗನ್ ವಾರವೆಲ್ಲ ಟ್ರಾಮ್ ಓಡಿಸುತ್ತಿದ್ದಳು. ಆ ಊರಲ್ಲಿ ಮನೆ ಮಾರುವುದು ಹರಾಜು ಕೂಗಿ. ಶನಿವಾರ ಬಂದರೆ ಇಬ್ಬರೂ ಹರಾಜಿನಿಂದ ಹರಾಜಿಗೆ ಅಲೆಯುತ್ತಿದ್ದರು. ಎಷ್ಟು ಮನೆಗಳು ಕೈತಪ್ಪಿದವೆಂದು ಲೆಕ್ಕ ಇಡುವುದನ್ನೇ ಬಿಟ್ಟಿದ್ದರು. ಈಗಿರುವ ಬಾಡಿಗೆ ಮನೆಯನ್ನೂ ಮಾಲೀಕ ಮಾರಲು ಹೊರಟಿದ್ದ. ಚಳಿಗಾಲಕ್ಕೆ ಮುಂಚೆ ಖಾಲಿ ಮಾಡಬೇಕು. ಮತ್ತೆ ಪೆಟ್ಟಿಗೆ ಕಟ್ಟುವುದೆಂದರೆ ಟೀಗನ್‌ಗೆ ಅಳುವೇ ಬರುತ್ತಿತ್ತು.

ಮೆಟ್ಟಿಲ ಕಡೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಮನೆ ತೋರಿಸುವ ಅರ್ಧ ಗಂಟೆ ಮನೆಯವರು ಅಲ್ಲಿರಬಾರದು, ಅದು ಏಜೆಂಟರ ಕಟ್ಟಪ್ಪಣೆ. ಹಾಗಾದರೆ ಅಡುಗೆ ಮಾಡುತ್ತಿರುವವರು ಯಾರು? ಡೆಕ್ಲನ್ ತೋಳು ಹಿಡಿದು, ಬೇಡ ಕಣೆ, ಸುಮ್ಮನೆ ಬಾ ಎಂದ. ಬೇಡ ಎಂದರೆ ಟೀಗನ್ ಕಾಲು ಅತ್ತಲೇ ಹೋಗುತ್ತದೆ. ಕೆಳಗಿಳಿದು ಗ್ಯಾರೇಜಿನ ಬಾಗಿಲು ತಳ್ಳಿದಳು.

ಅಲ್ಲಿ ಕಾರಿರಲಿಲ್ಲ. ಹಳೆಯ ಗ್ಯಾಸ್ ಒಲೆ, ಉದ್ದನೆಯ ಮೇಜು, ಟೊಮ್ಯಾಟೊ ಸಾರಿನ ಬಾಟಲಿಗಳ ಸಾಲು, ಮಸಿ ಹಿಡಿದ ದೊಡ್ಡ ಹಂಡೆ ಇದ್ದವು. ಕಪ್ಪು ಲಂಗದ ಮುದುಕಿಯೊಬ್ಬಳು ಪಾತ್ರೆ ಕಲಕುತ್ತಿದ್ದಳು. ಟೀಗನ್‌ಳನ್ನು ಕಂಡು ಬಲಗೈ ಎತ್ತಿ, ತುತ್ತು ಹಿಡಿದಂತೆ ಐದೂ ಬೆರಳು ಕೂಡಿಸಿ ಮೇಲೆ ಕೆಳಗೆ ಅಲ್ಲಾಡಿಸಿದಳು. ಯಾರು ನೀನು, ಏನು ಬೇಕು, ಇಲ್ಲೇನು ಕೆಲಸ, ಮೂರೂ ಪ್ರಶ್ನೆ ಆ ಒಂದು ಕೈಯಲ್ಲಿತ್ತು.

"ಮೇಲಿನ ಒಲೆ ಯಾಕಮ್ಮಾ ಹಾಗಿದೆ?" ಎಂದು ಟೀಗನ್ ಕೇಳಿದಳು.

"ಹಾಗಿದೆ ಅಂದ್ರೆ? ಅದು ಬಂದೋರು ನೋಡೋಕೆ," ಎಂದಳು ಮುದುಕಿ. "ಉಣ್ಣೋಕೆ ಇದು. ಮೇಲೆ ಎಣ್ಣೆ ಹಾರಿದ್ರೆ ಯಾರು ಒರೆಸ್ತಾರೆ?"

ಅವಳ ಹೆಸರು ಅಸುಂತಾ, ಇಟಲಿ ಮೂಲದವಳು, ಮನೆ ಅವಳದೇ. ಏಜೆಂಟ್ ಹೊರಗೆ ಹೋಗು ಎಂದಿದ್ದನಂತೆ. ಸಾರು ಒಲೆಯ ಮೇಲಿರುವಾಗ ಹೋಗುವುದೆಲ್ಲಿಗೆ ಎಂದು ಇಲ್ಲಿ ಅಡಗಿ ಕೂತಿದ್ದಳು. ಮಿಲ್ಡುರಾದಲ್ಲಿ ತಂಗಿಯ ಜೊತೆ ಇರಲು ಹೊರಟಿದ್ದಳು, ಅದರಲ್ಲಿ ಅವಳಿಗೆ ಖುಷಿಯೇ ಇತ್ತು. ಬೇಸರವೆಂದರೆ ತಂಗಿಯ ಮನೆಯಲ್ಲಿ ಇರುವುದು ಒಂದೇ ಅಡುಗೆಮನೆ. ಬ್ರೆಡ್ಡಿನ ತುಂಡೊಂದನ್ನು ಸಾರಿನಲ್ಲಿ ಅದ್ದಿ ಟೀಗನ್ ಕೈಗೆ ಕೊಟ್ಟಳು. ತಿನ್ನುವವಳ ಮುಖವನ್ನೇ ನೋಡುತ್ತ ಕೇಳಿದಳು:

"ನಿಂಗೆ ಮನೆ ಬೇಕಾ ಮಗಳೇ, ಇಲ್ಲಾ ಜಾಗ ಮಾತ್ರಾನಾ?"

"ಮನೆ. ಮೊದ್ಲು ಆ ಹಂಡೇಲಿ ಏನ್ ಬೇಯಿಸ್ತೀರಿ, ಅದನ್ನ ಹೇಳಿ."

ಸಾರು ವರ್ಷವಿಡೀ ಕೆಡದಿರಲೆಂದು ಬಾಟಲಿಗಳನ್ನು ಹಂಡೆಯಲ್ಲಿ ಬೇಯಿಸುವ ಕಥೆ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಮಲಗುವ ಕೋಣೆ ಎಷ್ಟೆಂದು ನೋಡುವುದನ್ನೇ ಟೀಗನ್ ಮರೆತಿದ್ದಳು.

ಹರಾಜಿನ ದಿನ ಬೀದಿಯ ಜನವೆಲ್ಲ ಹೊರಬಂದಿದ್ದರು. ಕೊಳ್ಳುವವರು ನಾಲ್ಕು ಮಂದಿ, ನೋಡುವವರು ನಲವತ್ತು. ಕೆಲವರು ಮಡಚುವ ಕುರ್ಚಿ ಹಾಕಿಕೊಂಡು, ಕಾಫಿ ಹಿಡಿದು, ನಾಟಕ ಶುರುವಾಗಲೆಂದು ಕಾದಿದ್ದರು. ಅಸುಂತಾ ಎದುರುಮನೆಯ ವರಾಂಡದಲ್ಲಿ ನಿಂತಿದ್ದಳು. ಹರಾಜು ಕೂಗಲು ಬಂದವನು ಹೊಸಬ. ಬರಬೇಕಾದವನಿಗೆ ಗಂಟಲು ಕಟ್ಟಿತ್ತಂತೆ.

ಉಳಿದವರು ಬೇಗ ಸೋತರು. ಕೊನೆಗೆ ಉಳಿದದ್ದು ಟೀಗನ್ ಮತ್ತು ಕಿವಿಗೆ ಫೋನ್ ಒತ್ತಿಕೊಂಡಿದ್ದ ಒಬ್ಬ ಆಸಾಮಿ. ಮನೆ ಕೆಡವಿ ಮೂರು ಮನೆ ಕಟ್ಟಿಸುವ ಕಂಪನಿಯವನು ಎಂದು ಕುರ್ಚಿಯವರು ಮಾತಾಡಿಕೊಂಡರು. ಮಾಲೀಕಳು ಕೇಳಿದ್ದ ಬೆಲೆ ದಾಟಿದೆ, ಇನ್ನು ಮನೆ ಹೋಗುವುದು ಖಂಡಿತ ಎಂದು ಕೂಗುವವನು ಸಾರಿದ. ಟೀಗನ್ ತನ್ನ ಕೊನೆಯ ಬೆಲೆ ಕೂಗಿದಳು. ಬ್ಯಾಂಕು ಇದಕ್ಕಿಂತ ಒಂದು ಡಾಲರ್ ಹೆಚ್ಚು ಕೊಡುವುದಿಲ್ಲ. ಡೆಕ್ಲನ್ ಅವಳ ಕೈ ಹಿಡಿದುಕೊಂಡಿದ್ದ.

ಆಸಾಮಿ ಫೋನಿನಲ್ಲಿ ಪಿಸುಗುಟ್ಟುತ್ತಲೇ ಇದ್ದ. ಎಲ್ಲರೂ ಅವನತ್ತ ನೋಡುತ್ತಿದ್ದರು. ಆಗ ವರಾಂಡದಿಂದ ಅಸುಂತಾ ಅವನ ಕಡೆಗೆ ಕೈ ಎತ್ತಿ, ಐದು ಬೆರಳು ಕೂಡಿಸಿ ಜೋರಾಗಿ ಅಲ್ಲಾಡಿಸಿದಳು.

"ಹೊಸಬರು ಬಂದ್ರು ನೋಡಿ, ಕಪ್ಪು ಲಂಗದ ಅಜ್ಜಿ, ಐದು ಸಾವಿರ ಹೆಚ್ಚು!" ಎಂದು ಕೂಗುವವನು ಹುರುಪಿನಿಂದ ಸಾರಿದ.

ಟೀಗನ್ ಗಂಡನ ಕೈ ಬಿಟ್ಟಳು. ಹೋಯಿತು, ಇದೂ ಹೋಯಿತು. ಆಸಾಮಿ ತಿರುಗಿ ಮುದುಕಿಯನ್ನು ನೋಡಿದ. ಅವಳ ಕೈ ಇನ್ನೂ ಅಲ್ಲಾಡುತ್ತಿತ್ತು. ಇಲ್ಲೊಬ್ಬಳು ಮುದುಕಿ ಸೇರಿಕೊಂಡಿದ್ದಾಳೆ, ನಿಲ್ಲಿಸುವ ಹಾಗೆ ಕಾಣುವುದಿಲ್ಲ ಎಂದು ಫೋನಿಗೆ ಹೇಳಿದ. ಆ ಕಡೆಯವರು ಏನೋ ಅಂದರು. ಫೋನ್ ಜೇಬಿಗಿಳಿಸಿ ಕಾರು ಹತ್ತಿ ಹೊರಟೇಬಿಟ್ಟ.

ಅಷ್ಟರಲ್ಲಿ ಏಜೆಂಟ್ ಓಡಿಬಂದು ಕೂಗುವವನ ಕಿವಿಯಲ್ಲಿ ಉಸುರಿದ. ಕುರ್ಚಿಯವರು ಮೊದಲು ನಕ್ಕರು, ಆಮೇಲೆ ಇಡೀ ಬೀದಿ ನಕ್ಕಿತು. ತನ್ನ ಮನೆಯನ್ನು ತಾನೇ ಕೊಳ್ಳಲು ಹೊರಟವಳನ್ನು ಯಾರೂ ಕಂಡಿರಲಿಲ್ಲ. ಕೂಗುವವನು ಕೆಂಪಾಗಿ, ಆ ಕೂಗು ಲೆಕ್ಕಕ್ಕಿಲ್ಲ, ಮನೆ ಮತ್ತೆ ಈ ಹುಡುಗಿಯ ಬೆಲೆಯಲ್ಲೇ ಇದೆ ಎಂದ. ಒಂದು ಸಲ ಕೇಳಿದ, ಎರಡು ಸಲ ಕೇಳಿದ, ಬೀದಿಯ ಕೊನೆಯವರೆಗೂ ಕಣ್ಣು ಹಾಯಿಸಿ ಮೂರನೆಯ ಸಲವೂ ಕೇಳಿದ. ಕಾರು ತಿರುವು ದಾಟಿ ಆಗಿತ್ತು.

ಸಹಿಗಳೆಲ್ಲ ಮೇಲಿನ ಅಡುಗೆಮನೆಯಲ್ಲಿ ಆದವು. ತನ್ನ ಸಹಿ ಹಾಕಿದ್ದೇ ಅಸುಂತಾ ಕೆಳಗಿಳಿದು ಹೋಗಿದ್ದಳು. ಡೆಕ್ಲನ್ ಗೋಡೆಗೊರಗಿ ಅಳುತ್ತಲೂ ನಗುತ್ತಲೂ ಇದ್ದ, ಕುಟ್ಟುವುದು ಮರೆತಿದ್ದ. ಟೀಗನ್‌ಗೆ ಸಂತೋಷಕ್ಕಿಂತ ಮುಂದೆ ಒಂದು ಪ್ರಶ್ನೆ ಬಂದು ನಿಂತಿತ್ತು. ಮೆಟ್ಟಿಲಿಳಿದು ಬಾಗಿಲು ತಳ್ಳಿದಳು.

"ಅಮ್ಮಾ, ನಿಜ ಹೇಳಿ. ಆ ಕೈ ಎತ್ತಿದ್ದು ಯಾಕೆ?"

ಅಸುಂತಾ ಸೌಟನ್ನು ಎಡಗೈಗೆ ಬದಲಾಯಿಸಿದಳು. ಬಲಗೈಯ ಐದು ಬೆರಳು ಕೂಡಿಸಿ ಟೀಗನ್ ಮುಖದ ಮುಂದೆ ಒಮ್ಮೆ ಅಲ್ಲಾಡಿಸಿದಳು. ಅದೇ ಬೆರಳುಗಳಿಂದ ಡಬ್ಬಿಯ ಉಪ್ಪು ತೆಗೆದು ಕುದಿಯುವ ನೀರಿಗೆ ಹಾಕಿದಳು. ಉದ್ದನೆಯ ಮೇಜಿನ ಮೇಲೆ ಮೂರು ತಟ್ಟೆಗಳು ಆಗಲೇ ಇದ್ದವು.