ಒದ್ದೆ ಚಾದರಕ್ಕೆ ಕಬ್ಬಿಣದ ಗುಂಡು

ದೊಡ್ಡ ಮಷೀನಿನ ಕೆಲಸದಿಂದ ತೆಗೆದು ಬಟ್ಟೆ ಮಡಿಸುವ ಮೇಜಿಗೆ ಹಾಕಿದರೆ ಬೇರೆ ಯಾರಾದರೂ ಬದುಕಿದೆಯಾ ಬಡಜೀವವೇ ಎನ್ನುತ್ತಿದ್ದರು. ಕಿಡಿಯ ಅಮ್ಮನಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಆಸ್ಪತ್ರೆಯ ಚಾದರಗಳನ್ನು ಒಗೆಯುವ ಆ ಲಾಂಡ್ರಿಯಲ್ಲಿ ದೊಡ್ಡ ಮಷೀನು ಎಂದರೆ ಅಮ್ಮ, ಅಮ್ಮ ಎಂದರೆ ದೊಡ್ಡ ಮಷೀನು. ಒಂದು ದಿನ ಒದ್ದೆ ರಾಶಿ ಎಳೆಯುವಾಗ ಸೊಂಟ ಹಿಡಿದುಕೊಂಡಿತು, ರಾಶಿ ನೆಲಕ್ಕೆ ಬಿತ್ತು, ಅಷ್ಟೇ. ನೋವು ಹೋಯಿತು, ಕೆಲಸ ಮಾಡಬಹುದು ಎಂದು ಡಾಕ್ಟರೂ ಹೇಳಿದರು. ಲಾಂಡ್ರಿಯ ಯಜಮಾನರು ಮಾತ್ರ ಜಗ್ಗಲಿಲ್ಲ.

"ವಯಸ್ಸಾಯ್ತಲ್ಲಮ್ಮಾ. ಕೂತು ಮಡಿಸ್ಕೊಂಡಿರು."

"ಒಂದು ಲೋಡು ಪೂರ್ತಿ ಒಬ್ಬಳೇ ತೆಗೆದು ತೋರಿಸಿದ್ರೆ?"

"ಚಳಿಗಾಲ ಮುಗೀಲಿ, ತೆಗಿ ನೋಡೋಣ. ಬೇರೆ ಕೈ ತಗುಲ್ತೋ, ಮತ್ತೆ ಮಷೀನಿನ ಮಾತು ಎತ್ತಬಾರ್ದು."

ಕೇಳಿದ ಮಗನಿಗೆ ಮೈಯೆಲ್ಲ ಉರಿಯಿತು. ಕಿಡಿ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಮೇಷ್ಟ್ರ ಜೊತೆ ಜಗಳವಾಡಿ ಶಾಲೆಯ ಚೀಲ ಬಿಸಾಕಿ ಬಂದವನು, ಈಗ ಗುಜರಿ ಅಂಗಡಿಯಲ್ಲಿ ಕಬ್ಬಿಣ ಹೊರುತ್ತಿದ್ದ. ಮುಚ್ಚಿಹೋದ ಜಿಮ್ಮಿನ ಸಾಮಾನಿನ ಜೊತೆ ಅಲ್ಲಿಗೊಂದು ಕೆಟಲ್‌ಬೆಲ್ ಬಂದಿತ್ತು. ಮೇಲೆ ಹಿಡಿಕೆ ಇರುವ ಕಬ್ಬಿಣದ ಗುಂಡು. ಅದನ್ನು ತಂದು ಅಡುಗೆಮನೆಯ ನೆಲದ ಮೇಲೆ ದಡಕ್ಕನೆ ಇಟ್ಟ.

"ಎತ್ತಮ್ಮಾ! ಕೈ ಗಟ್ಟಿ ಆಗ್ಲಿ. ಆ ಮನುಷ್ಯನ ಬಾಯಿ ಮುಚ್ಚಿಸ್ಬೇಕು."

ತೋಳು ಉಬ್ಬಿಸಿಕೊಂಡು ತಾನೇ ಎತ್ತಿ ತೋರಿಸಿದ. ಅಮ್ಮ ಹಾಗೆಯೇ ಮಾಡಿದಳು. ಮಾರನೆಯ ದಿನ ಬಾಚಣಿಗೆ ಎತ್ತಲೂ ಆಗದಂತೆ ಭುಜ ಹಿಡಿಯಿತು.

"ನಿನ್ನ ಪಾಠ ನಿನ್ನ ಹತ್ರಾನೇ ಇಟ್ಕೊಳಪ್ಪ ಪಂಡಿತ," ಎಂದಳು.

ಅಲ್ಲಿಗೆ ಕೈಬಿಟ್ಟಳು ಎಂದುಕೊಂಡಿದ್ದ. ಆದರೆ ಒಂದು ಬೆಳಿಗ್ಗೆ ಎದ್ದು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಅಮ್ಮ ಮೊಣಕಾಲು ತುಸು ಸಡಿಲಿಸಿ, ಸೊಂಟ ಹಿಂದಕ್ಕೆ ತಳ್ಳಿ, ಗುಂಡನ್ನು ಕಾಲುಗಳ ನಡುವೆ ಹೋಗಲು ಬಿಟ್ಟು, ಫಕ್ಕನೆ ನೆಟ್ಟಗಾಗುತ್ತಿದ್ದಳು. ಗುಂಡು ಉಯ್ಯಾಲೆಯಂತೆ ಎದೆಮಟ್ಟಕ್ಕೆ ಹಾರುತ್ತಿತ್ತು.

"ಕೈಯಲ್ಲಿ ಏನೂ ಇಲ್ಲ ಕಣೋ. ಕೈ ಬರೀ ಹಗ್ಗ, ಬಲ ಎಲ್ಲ ಸೊಂಟದ್ದು. ಚಾದರ ಒದರೋವಾಗ ನಾನು ಮಾಡ್ತಿದ್ದದ್ದೂ ಇದೇ. ಎಳೆಯೋವಾಗ ಮಾತ್ರ ಮರೀತಿದ್ದೆ, ಅದಕ್ಕೇ ಸೊಂಟ ಕೈಕೊಡ್ತು. ಬಾ, ನೀನೂ ಮಾಡು."

ಕಿಡಿ ಮಾಡಿದ. ಸ್ವಲ್ಪ ಹೊತ್ತಿಗೇ ಬಾಯಿ ಬಿಟ್ಟುಕೊಂಡು ಗೋಡೆಗೆ ಒರಗಿದ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತೋಳಿದೆ, ದಮ್ಮಿಲ್ಲ!"

ಸುದ್ದಿ ಲಾಂಡ್ರಿಗೂ ಮುಟ್ಟಿತು. ಇಸ್ತ್ರಿಯವನಿಗೆ ನಾಲಿಗೆ ತುರಿಸಿತು. "ಏನಕ್ಕಾ, ಈ ವಯಸ್ಸಲ್ಲಿ ಗುಂಡು ಶುರು ಮಾಡಿದ್ದೀಯಂತೆ?"

"ಹೂಂ ಕಣಪ್ಪಾ. ನೀನು ಹಾಕೋದು ತಲೆಗೇರುತ್ತೆ, ನಂದು ಸೊಂಟಕ್ಕೆ."

ಚಳಿ ಕಳೆಯುವಷ್ಟರಲ್ಲಿ ಮಗನೇ ತಿರುಗಿಸಲಾಗದ ಡಬ್ಬಿಯ ಮುಚ್ಚಳ ಅಮ್ಮನ ಕೈಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಮಹಡಿಯ ಮೆಟ್ಟಿಲಲ್ಲಿ ನಿಂತು ಸುಧಾರಿಸಿಕೊಳ್ಳುವುದನ್ನು ಬಿಟ್ಟೇಬಿಟ್ಟಿದ್ದಳು.

ಪರೀಕ್ಷೆಯ ದಿನ ಕಿಡಿ ಲಾಂಡ್ರಿಯ ಬಾಗಿಲಲ್ಲಿ ಮುಷ್ಟಿ ಬಿಗಿದು ನಿಂತ. ಯಾರಾದರೂ ನಕ್ಕರೆ ಬಿಡಬಾರದು ಎಂದೇ ಬಂದಿದ್ದ. ಅಮ್ಮ ಮಷೀನಿನ ಬಾಯಿ ತೆರೆದಳು. ಒಳಗೆ ಚಾದರಗಳು ಒಂದಕ್ಕೊಂದು ಸುತ್ತಿಕೊಂಡು ಹುರಿಗೊಂಡಿದ್ದವು. ಎಳೆದಳು, ಬರಲಿಲ್ಲ. ಮತ್ತೆ ಎಳೆದಳು. ರಾಶಿ ಮಿಸುಕಲಿಲ್ಲ.

ಕಿಡಿಯ ಕಾಲು ತಾನಾಗಿ ಮುಂದೆ ಬಂತು.

"ಅಲ್ಲೇ ನಿಲ್ಲೋ!" ಅಮ್ಮ ತಿರುಗದೆಯೇ ಗದರಿಸಿದಳು. "ನೀನು ಮುಟ್ಟಿದ್ರೆ ಸೋತಿದ್ದು ನಾನು."

ನಿಂತ. ಅವನ ಬಾಳಿನಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಅಮ್ಮ ಪಾದ ಅಗಲಿಸಿ ಊರಿದಳು, ಗಂಟನ್ನು ಎರಡೂ ಕೈಯಿಂದ ಬಾಚಿ ಹಿಡಿದಳು, ಬೆನ್ನು ನೆಟ್ಟಗಿಟ್ಟು ಸೊಂಟ ಹಿಂದಕ್ಕೆಳೆದು ಒಮ್ಮೆ ಜಗ್ಗಿದಳು. ಡ್ರಮ್ಮು ಗಡಗಡ ಉರುಳಿತು, ಇಡೀ ಗಂಟು ಜಾರಿ ಬಂದು ತಳ್ಳುಗಾಡಿಗೆ ಧೊಪ್ಪನೆ ಬಿತ್ತು. ಆಮೇಲೆ ಉಳಿದವು ಒಂದರ ಹಿಂದೊಂದು. ಡ್ರಮ್ಮು ಖಾಲಿ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಯಜಮಾನರು ಕೆಮ್ಮಿದರು. "ಆ ಗುಂಡಿನಿಂದಾನೇ ಬಂತು ಅಂತೇನೂ ಇಲ್ಲ ಬಿಡು. ಇಷ್ಟು ದಿನ ಕೂತು ವಿಶ್ರಾಂತಿ ಸಿಕ್ತಲ್ಲ."

ಕಿಡಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಮಾತು ತೆಗೆದಳು. "ವಿಶ್ರಾಂತಿಯಿಂದ ನೋವು ಹೋಯ್ತು ಯಜಮಾನ್ರೇ, ಇಲ್ಲ ಅನ್ನಲ್ಲ. ಕೂತ್ಕೊಂಡೇ ದಮ್ಮು ಬರುತ್ತಾ? ಮೊದಲೆಲ್ಲ ಒಂದು ಲೋಡು ತೆಗೆದ್ರೆ ನನ್ನ ಬಾಯಲ್ಲಿ ಮಾತೇ ಹೊರಡ್ತಿರಲಿಲ್ಲ. ಈಗ ನಿಮ್ಮ ಜೊತೆ ವಾದ ಮಾಡ್ತಾ ಇದ್ದೀನಿ."

ಇಸ್ತ್ರಿಯವನೇ ಮೊದಲು ನಕ್ಕದ್ದು. ಯಜಮಾನರಿಗೂ ತಡೆಯಲಾಗಲಿಲ್ಲ. "ಸರಿ ತಾಯಿ, ನಾಳೆಯಿಂದ ಮಷೀನು ನಿಂದೇ."

"ನಾಳೆ ಯಾಕೆ? ಮುಂದಿನ ಲೋಡು ನೆನೆದು ಕೂತಿದೆ."

ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ಆ ಲೋಡಿನ ಗಾಡಿ ತಳ್ಳಿಕೊಂಡು ಬಂದಳು. ಬಾಗಿಲಿಗೆ ಅಡ್ಡ ನಿಂತ ಕಿಡಿಯನ್ನು ಕಂಡು ರೇಗಿದಳು. "ಪಕ್ಕಕ್ಕೆ ಸರಿಯಪ್ಪಾ. ಯಾರು ನೀನು?"

ಎಂದಿನ ಕಿಡಿಯಾಗಿದ್ದರೆ ಆ ಧಾಟಿಗೆ ಅಲ್ಲೇ ಜಗಳ ಹತ್ತಿಕೊಳ್ಳಬೇಕಿತ್ತು. ಅವನು ಪಕ್ಕಕ್ಕೆ ಸರಿದು, ಎದೆಯುಬ್ಬಿಸಿ, ಇಡೀ ಲಾಂಡ್ರಿಗೆ ಕೇಳುವಂತೆ ಹೇಳಿದ:

"ದೊಡ್ಡ ಮಷೀನಿನವರ ಮಗ!"