ಗಾಳಿ ಹೋದರೂ ಓಡುವ ಟೈರು

ಸಿದ್ದಲಿಂಗಯ್ಯನವರು ಸೋದರಳಿಯನ ಮದುವೆಗೆಂದು ದಾವಣಗೆರೆಗೆ ಹೋಗಿ ನಾಲ್ಕು ದಿನವಾಗಿತ್ತು. ಅಂದು ಸಂಜೆಯ ಹೊತ್ತಿಗೆ ವಾಪಸು ಬರುವವರಿದ್ದರು. ಮಂಡಿನೋವಿನ ನೆಪ ಹೇಳಿ ಮದುವೆ ತಪ್ಪಿಸಿಕೊಂಡಿದ್ದ ಅವರ ಹೆಂಡತಿ ಬಸಮ್ಮನವರು ಬೆಳಿಗ್ಗೆ ಹತ್ತು ಗಂಟೆಗೆ ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಸರಸರನೆ ಇಳಿದರು. ಗಂಡ ಮನೆಯಲ್ಲೇ ಬಿಟ್ಟುಹೋಗಿದ್ದ ಕೀಲಿಯಿಂದ ಅವರ ಕಾರಿನ ಬಾಗಿಲು ತೆರೆದು, ಡ್ರೈವರ್ ಸೀಟಿನಲ್ಲಿ ಕೂತು, ಸ್ಟೀರಿಂಗಿಗೆ ಕೈಮುಗಿದರು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರುವುದಿತ್ತು.

ಸೊಪ್ಪು ಗೇಟಿನೆದುರಿನ ತಳ್ಳುಗಾಡಿಯಲ್ಲೂ ಇತ್ತು. ಫೋನಿನಲ್ಲಿ ಒತ್ತಿದ್ದರೆ ಹತ್ತು ನಿಮಿಷಕ್ಕೆ ಬಾಗಿಲಿಗೇ ಬರುತ್ತಿತ್ತು. ಆದರೆ ಬಸಮ್ಮನವರ ಕೈಚೀಲದಲ್ಲಿ ಮೂರು ತಿಂಗಳಿಂದ ಡ್ರೈವಿಂಗ್ ಲೈಸೆನ್ಸ್ ಒಂದು ಸುಮ್ಮನೆ ಬಿದ್ದುಕೊಂಡಿತ್ತು. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಭೂಗೋಳ ಪಾಠ ಮಾಡಿ, ಭೂಪಟದ ಮೇಲೆ ಎಲ್ಲೆಲ್ಲೋ ಕೋಲು ಓಡಿಸಿದ ಹೆಂಗಸು, ನಿವೃತ್ತಿಯಾದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಆರ್‌ಟಿಓ ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾಗಿದ್ದರು. ಅಷ್ಟಾದರೂ ಗಂಡ ಕೀಲಿ ಕೊಡಲಿಲ್ಲ. "ನೀನು ಕಲಿತಿದ್ದು ಕ್ಲಚ್ಚಿನ ಗಾಡಿ. ಇದು ಆಟೊಮ್ಯಾಟಿಕ್. ಇದರ ಲೆಕ್ಕಾನೇ ಬ್ಯಾರೆ" ಎನ್ನುತ್ತಿದ್ದರು. ಆಟೊಮ್ಯಾಟಿಕ್ ಎಂದರೆ ಇನ್ನೂ ಸುಲಭ ಎಂಬುದು ಬಸಮ್ಮನವರಿಗೂ ಗೊತ್ತಿತ್ತು, ಗಂಡನಿಗೂ ಗೊತ್ತಿತ್ತು.

ಕಾರು ಸೆಕೆಂಡ್ ಹ್ಯಾಂಡ್. ಜರ್ಮನಿಯದು, ಕಪ್ಪು ಬಣ್ಣದ್ದು, ದೊಡ್ಡದು. ನೀರಾವರಿ ಇಲಾಖೆಯ ಜೀಪುಗಳಲ್ಲೇ ಸೊಂಟ ಸವೆಸಿದ್ದ ಸಿದ್ದಲಿಂಗಯ್ಯನವರು ಹೋದ ವರ್ಷ ಆಸೆಪಟ್ಟು ಕೊಂಡಿದ್ದರು. ಕೊಳ್ಳುವ ದಿನ ಬಸಮ್ಮನವರು ಕೇಳಿದ್ದು ಒಂದೇ ಪ್ರಶ್ನೆ: "ಇದರ ಸ್ಟೆಪ್ನಿ ಎಲ್ಲೈತ್ರಿ?" ಗಂಡ, ಮಾರುವವನು ಇಬ್ಬರೂ ನಕ್ಕಿದ್ದರು. ಇದು ರನ್-ಫ್ಲಾಟ್ ಟೈರು, ಗಾಳಿ ಹೋದರೂ ಓಡುತ್ತದೆ, ಇಂಥ ಗಾಡಿಗೆ ಸ್ಟೆಪ್ನಿ ಯಾಕೆ ಎಂದು ಗಂಡ ಆಮೇಲೆ ಅರ್ಧ ಗಂಟೆ ವಿವರಿಸಿದ್ದರು. ಬಂದ ನೆಂಟರಿಗೆಲ್ಲ ಕಾಫಿಗಿಂತ ಮೊದಲು ಅದನ್ನೇ ವಿವರಿಸುತ್ತಿದ್ದರು.

ಕಾರು ಗೇಟು ದಾಟಿತು. ಬಸಮ್ಮನವರ ಎದೆ ಡವಗುಟ್ಟುತ್ತಿತ್ತು, ಮುಖದ ತುಂಬ ನಗು. ಕುಂದಲಹಳ್ಳಿಯ ತರಕಾರಿ ಅಂಗಡಿಯ ಮುಂದೆ ನಿಲ್ಲಿಸಿ, ಕಿಟಕಿ ಇಳಿಸಿ, ಕೂತಲ್ಲಿಂದಲೇ ಸೊಪ್ಪು ಈಸಿಕೊಂಡರು. ಹಿಂದಿನಿಂದ ನಾಲ್ಕು ಆಟೋಗಳು ಒಟ್ಟಿಗೆ ಹಾರನ್ ಹೊಡೆದವು. ಸುಖವೆಂದರೆ ಇದೇ ಅನ್ನಿಸಿತು. ಆಗಲೇ ಸ್ಟೀರಿಂಗಿನ ಹಿಂದೆ 'ಟಿಂಗ್' ಎಂದು ಸದ್ದಾಗಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಹಿಂದಿನ ಎಡಚಕ್ರದಲ್ಲಿ ಗಾಳಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಸ್ವಲ್ಪ ಮುಂದೆ ಹೊಂಗೆಮರದ ಕೆಳಗೆ ಪಂಕ್ಚರ್ ಅಂಗಡಿಯೊಂದು ಕಾಣಿಸಿತು. ಮುದುಕರೊಬ್ಬರು ಸೈಕಲ್ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಹಲಗೆಯ ಮೇಲೆ 'ಪಾಪಯ್ಯ ಪಂಕ್ಚರ್' ಎಂದಿತ್ತು.

"ಏನಾಯ್ತಮ್ಮ?"

"ಗಾಳಿ ಇಲ್ಲ ಅಂತ ಗಾಡೀನ ಹೇಳಾಕತ್ತೈತ್ರಿ. ನೋಡಿದ್ರ ನಾಲ್ಕೂ ಚಕ್ರ ನೆಟ್ಟಗ ನಿಂತಾವು."

ಪಾಪಯ್ಯ ಹಿಂದಿನ ಎಡಚಕ್ರಕ್ಕೆ ಮೀಟರು ಹಚ್ಚಿದರು. ಮುಳ್ಳು ಅಲುಗಲಿಲ್ಲ. ಮೀಟರನ್ನೇ ಒಮ್ಮೆ ತೊಡೆಗೆ ಬಡಿದು ಮತ್ತೆ ಹಚ್ಚಿದರು. ಆಗಲೂ ಇಲ್ಲ.

"ಒಂದುಸುರು ಗಾಳಿ ಇಲ್ಲ ಕಣಮ್ಮ ಇದ್ರಲ್ಲಿ. ಆದ್ರೂ ಎಂಗೆ ಎದೆ ಸೆಟೆಸ್ಕೊಂಡು ನಿಂತೈತೆ ನೋಡಿ, ಥೇಟ್ ನಮ್ ಬಾಮೈದ ಇದ್ದಂಗೆ!" ಪಾಪಯ್ಯ ಟೈರಿನ ಪಕ್ಕೆಯನ್ನು ಗುದ್ದಿ ನೋಡಿದರು. "ಪಕ್ಕದ ಗೋಡೆ ಕಲ್ಲು ಕಟ್ಟಿದಂಗೆ ಐತೆ. ಇದನ್ನ ಬಿಚ್ಚಾಕೆ ನನ್ ಸಲಾಕೆ ಸಾಲ್ದು, ಮೆಸೀನೇ ಬೇಕು. ಅಲ್ಲಿ ಅಂಚಲ್ಲಿ ಮೊಳೆ ಕಾಣ್ತೈತಲ್ಲ, ಅದನ್ನ ಮಾತ್ರ ಕೀಳಾಕೋಗ್ಬೇಡಿ."

"ಅಯ್ಯೋ ಶಿವನೇ! ಸಂಜೀಗೆ ನಮ್ಮನೆಯವ್ರು ಬರ್ತಾರ್ರೀ. ಗಾಡಿ ಮುಟ್ಟೀನಿ ಅನ್ನೋದ ಅವರಿಗೆ ಗೊತ್ತಿಲ್ಲ."

ಪಾಪಯ್ಯನವರಿಗೆ ನಗು ಬಂತು. ಕಾರಿನೊಳಗೆ ಪಕ್ಕದ ಸೀಟಿನಲ್ಲಿ ಒಬ್ಬೊಂಟಿಯಾಗಿ ಕೂತಿದ್ದ ಕೊತ್ತಂಬರಿ ಕಟ್ಟನ್ನೂ ಅವರು ನೋಡಿದರು. "ಇದನ್ ತರಾಕಾ ಬಂದಿದ್ದು? ಆ ಎದುರ್ಗಡೆ ಗಾಜಿನ ಬಿಲ್ಡಿಂಗ್ ಐತಲ್ಲ, ಅದ್ರ ತಳದಾಗೆ ನಮ್ ತೋಟ ಇತ್ತು, ನಾವು ಬೆಳೀತಿದ್ದಿದ್ದೆಲ್ಲ ಇದೇ ಸೊಪ್ಪು. ಕೇಳಿದೋರ್ಗೆ ಸುಮ್ನೆ ಕಿತ್ಕೊಡ್ತಿದ್ವಿ." ಆಮೇಲೆ ದಾರಿ ತೋರಿಸಿದರು. "ಕುಂದಲಹಳ್ಳಿ ಗೇಟ್ ಸರ್ಕಲ್ ದಾಟಿ ಎಡಕ್ಕೆ ಓಗಿ, ದೊಡ್ಡ ಟೈರ್ ಅಂಗಡಿ ಐತೆ. ನನ್ ಮಗಳು ವೇಣಿ ಅಲ್ಲೇ ಮೆಸೀನ್ ಮೇಲೆ ಕೆಲ್ಸ ಮಾಡೋದು. ಅಪ್ಪ ಕಳಿಸ್ದ ಅನ್ನಿ. ಐವತ್ತರ ಮೇಲೆ ಓಡಿಸ್ಬೇಡಿ ಮತ್ತೆ!"

ಬಸಮ್ಮನವರು ಅಷ್ಟು ಹೊತ್ತೂ ಇಪ್ಪತ್ತು ದಾಟಿರಲಿಲ್ಲ. ಆ ರಸ್ತೆಯಲ್ಲಿ ಐವತ್ತು ಮುಟ್ಟಿದವರನ್ನು ಯಾರೂ ಕಂಡಿರಲಿಲ್ಲ.

ವೇಣಿಗೆ ಮೂವತ್ತರ ಹತ್ತಿರ. ನೀಲಿ ಅಂಗಿ ತೊಟ್ಟು, ತೋಳು ಮಡಚಿ, ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದಳು. ಅಪ್ಪನ ಹೆಸರು ಕೇಳಿದ್ದೇ ಇನ್ನೊಂದು ಗಾಡಿ ಪಕ್ಕಕ್ಕಿಟ್ಟು ಬಂದಳು. ಚಕ್ರ ಬಿಚ್ಚಿ ಮೆಷಿನ್ನಿಗೆ ಏರಿಸಿ, ಅವಳೂ ಲೋಕೇಶ್ ಎಂಬ ಇನ್ನೊಬ್ಬ ಕೆಲಸಗಾರನೂ ಸೇರಿ ಅದುಮಿದಾಗ ಟೈರು ಮೊಂಡು ಎಮ್ಮೆಯ ಹಾಗೆ ಕೂತುಬಿಟ್ಟಿತು. ಕೊನೆಗೆ 'ಢಬ್' ಎಂದು ಬಾಯಿ ಬಿಟ್ಟಿತು. ವೇಣಿ ಟಾರ್ಚ್ ಹಿಡಿದು ಒಳಗೆ ಇಣುಕಿದಳು. ಕೈ ಹಾಕಿ ಸವರಿ, ಬೆರಳಿಗೆ ಹತ್ತಿದ ಕರಿಪುಡಿಯನ್ನು ಬಸಮ್ಮನವರಿಗೆ ತೋರಿಸಿದಳು.

"ನೋಡಿ ಮೇಡಂ, ಒಳಗಡೆ ರಬ್ಬರ್ ಪುಡಿಯಾಗಿ ಉದುರ್ತಿದೆ. ಮೊಳೆ ಬೇರೆ ಅಂಚಲ್ಲಿ ಹೋಗಿದೆ. ಮಧ್ಯದಲ್ಲಿದ್ದಿದ್ರೆ ನೋಡ್ಬೋದಿತ್ತು. ಇದಕ್ಕೆ ಪ್ಯಾಚ್ ಹಾಕಲ್ಲ ನಾನು. ಹೊಸದೇ ಆಗ್ಬೇಕು."

"ಸಂಜೀ ತನಕ ತಡದ್ರ ಸಾಕವ್ವ. ಹೆಂಗಾರ ಹಚ್ಚಿಬಿಡು."

"ಹಚ್ಚೋಕೇನು, ಹಚ್ಬೋದು. ನಾಳೆ ಹೈವೇಲಿ ಒಡೆದ್ರೆ? ನಿಮ್ಮಂಥೋರು ಒಳಗೆ ಕೂತಿರ್ತೀರ. ನಂಗೆ ರಾತ್ರಿ ನಿದ್ದೆ ಬರ್ಬೇಕು ಮೇಡಂ." ಅವಳು ಕೈ ಒರೆಸಿಕೊಂಡಳು. "ಮತ್ತೆ ಇದು ಇವತ್ತಿನ ಮೊಳೆ ಅಲ್ಲ. ತಲೆ ನೋಡಿ, ರೋಡಿಗೆ ಉಜ್ಜಿ ಉಜ್ಜಿ ನುಣ್ಣಗಾಗಿದೆ. ಎರಡು ವಾರನಾದ್ರೂ ಆಗಿರುತ್ತೆ. ಯಾರೋ ದಿನಾ ಗಾಳಿ ತುಂಬಿಸ್ಕೊಂಡು ಓಡಿಸಿದಾರೆ."

ಆ ಮಾತು ಬಸಮ್ಮನವರ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವರ ತಲೆಯಲ್ಲಿ ಗಂಡ ಬರುವ ರೈಲೊಂದೇ ಓಡುತ್ತಿತ್ತು. "ಹೊಸಾದ ಹಾಕಿಬಿಡು ಹಂಗಾರ. ಇಂಥದ್ದ ಇರಬೇಕು, ಇದ ಸೈಜು. ಅವರು ಮಹಾ ಸೂಕ್ಷ್ಮ, ಕಣ್ಣಿಗೆ ಬಿದ್ದುಬಿಡ್ತೈತಿ."

"ಈ ಸೈಜ್ ನಾವು ಇಟ್ಕೊಳ್ಳಲ್ಲ ಮೇಡಂ. ಆರ್ಡರ್ ಹಾಕಿ ತರಿಸ್ಬೇಕು, ನಾಲ್ಕು ದಿನ ಆಗುತ್ತೆ."

ಬಸಮ್ಮನವರ ಮುಖ ಬಾಡಿದ್ದನ್ನು ಕಂಡು ಲೋಕೇಶ್ ಬಾಯಿ ಹಾಕಿದ. "ಅಕ್ಕ, ಬೆಳಿಗ್ಗೆ ಒಂದು ಬಂತಲ್ಲ, ಇದೇ ಸೈಜು?"

"ಏಯ್, ಸುಮ್ನಿರು. ಅದು ಬೇರೆಯವರ್ದು. ದುಡ್ಡೂ ಪೂರ್ತಿ ಕೊಟ್ಟಿದಾರೆ."

"ನೋಡವ್ವ, ಒಂದ ದಿನದ ಮಟ್ಟಿಗೆ ನನಗ ಕೊಡು. ಅವರಿಗೆ ಬ್ಯಾರೆ ತರಿಸಿಕೊಡುವಿಯಂತೆ. ಅವರ ಮನೀಗೆ ಹೋಗಿ ನಾನ ಕೈಮುಗೀತೀನಿ" ಎಂದು ಬಸಮ್ಮನವರು ಅವಳ ಕೈ ಹಿಡಿದರು.

"ಪಾಪ, ವಯಸ್ಸಾದೋರು ಮೇಡಂ. ಬಸ್ಸಲ್ಲಿ ಬಂದು, ಫೋನಲ್ಲಿ ಟೈರ್ ಫೋಟೋ ತೋರಿಸಿ ಆರ್ಡರ್ ಕೊಟ್ಟೋದ್ರು. ಅವ್ರ ಮನೆಯವ್ರಿಗೆ ಗೊತ್ತಾಗ್ಬಾರ್ದಂತೆ. 'ನಮ್ಮಾಕಿಗೆ ಗೊತ್ತಾದ್ರ ನನ್ನ ಕತಿ ಮುಗೀತು, ಊರಿಗೆ ಹೋಗಿ ಬಂದು ಸೋಮವಾರ ಗುಟ್ಟಾಗಿ ಹಾಕಿಸ್ಕೋತೀನಿ' ಅಂದ್ರು. ನಾನು ಮಾತು ಕೊಟ್ಬಿಟ್ಟಿದೀನಿ."

"ಹೆಂಡ್ತಿಗೆ ಅಷ್ಟೊಂದು ಅಂಜೋದಾ! ಎಂಥಾ ಘಾಟಿ ಹೆಂಗಸಿರಬೇಕು ಆಕಿ!" ಬಸಮ್ಮನವರಿಗೆ ಆ ಅಪರಿಚಿತ ಮುದುಕನ ಮೇಲೆ ನಿಜವಾಗಿಯೂ ಮರುಕ ಹುಟ್ಟಿತು. "ಅದನ್ನೊಂದು ಸಲ ನೋಡಿಯಾದ್ರೂ ಹೋಗ್ತೀನಿ, ತೋರಸವ್ವ."

ಗೋಡೆಗೆ ಒರಗಿಸಿದ್ದ ಹೊಸ ಟೈರನ್ನು ಲೋಕೇಶ್ ಉರುಳಿಸಿಕೊಂಡು ಬಂದ. ಅದರ ಕಪ್ಪು ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು: 'ಸಿದ್ದಲಿಂಗಯ್ಯ ಸಾರ್, ಬ್ರೂಕ್‌ಫೀಲ್ಡ್. ಮನೆಗೆ ಫೋನ್ ಮಾಡಬಾರದು.'

ಬಸಮ್ಮನವರು ಅದನ್ನು ಒಮ್ಮೆ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಇನ್ನೊಮ್ಮೆ ಓದಿದರು. ಊರಿಗೆ ಹೋಗುವ ಮೊದಲು ಹದಿನೈದು ದಿನ ಗಂಡ ದಿನಾ ಬೆಳಿಗ್ಗೆ ಹಾಲು ತರಲು ಕಾರು ತೆಗೆದುಕೊಂಡು ಹೋಗುತ್ತಿದ್ದುದು, ಅರ್ಧ ಲೀಟರ್ ಹಾಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದುದು, ಬರುವಾಗ ಅಂಗೈ ಕಪ್ಪಾಗಿರುತ್ತಿದ್ದುದು, ಕಾರಿದ್ದೂ ಮದುವೆಗೆ ರೈಲು ಹತ್ತಿದ್ದು ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಮೊದಲು ಮೂಗು ಅರಳಿತು, ಕೋಪವೇ ಬರುವಂತಿತ್ತು. ಬಂದದ್ದು ನಗು. ಪಕ್ಕದಲ್ಲಿ ಪೇರಿಸಿದ್ದ ಹಳೇ ಟೈರುಗಳ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಲೋಕೇಶ್ ಗಾಬರಿಯಾಗಿ ನೀರು ತರಲು ಓಡಿದ.

"ಏನಾಯ್ತು ಮೇಡಂ?"

"ಆ ಘಾಟಿ ಹೆಂಗಸು ನಾನ ಕಣವ್ವ!"

ವೇಣಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತಕ್ಷಣವೇ ಮುಖ ಸಣ್ಣದಾಯಿತು. "ಅಯ್ಯೋ, ಮಾತು ತಪ್ಪಿಬಿಟ್ನಲ್ಲ ನಾನು."

"ನೀನೇನು ಫೋನ್ ಮಾಡಲಿಲ್ಲಲ್ಲ. ಟೈರ ಹೇಳ್ತು. ಹಾಕು, ಹಾಕು."

ಸಂಜೆ ಐದೂವರೆಗೆ ಸಿದ್ದಲಿಂಗಯ್ಯನವರು ಕುಂದಲಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮದುವೆ ಮನೆಯವರು ಕಟ್ಟಿಕೊಟ್ಟ ಬುತ್ತಿ. ಪಕ್ಕದ ರಸ್ತೆಯಲ್ಲಿ ತಮ್ಮದೇ ಕಾರು ನಿಂತಿತ್ತು, ತಮ್ಮದೇ ಸೀಟಿನಲ್ಲಿ ತಮ್ಮದೇ ಹೆಂಡತಿ ಕೂತಿದ್ದರು. ಅವರ ಕಣ್ಣು ಹೋದದ್ದು ಹೆಂಡತಿಯ ಕಡೆಗಲ್ಲ, ಹಿಂದಿನ ಎಡಚಕ್ರದ ಕಡೆಗೆ. ಹೊಸ ರಬ್ಬರು ಮಿರಮಿರ ಮಿಂಚುತ್ತಿತ್ತು. ಸೀಮೆಸುಣ್ಣದ ಬರಹವನ್ನು ಅಳಿಸಬೇಡ ಎಂದು ಬಸಮ್ಮನವರು ವೇಣಿಗೆ ಖುದ್ದಾಗಿ ಹೇಳಿದ್ದರು.

ಸಿದ್ದಲಿಂಗಯ್ಯನವರು ತಮ್ಮ ಹೆಸರನ್ನು ತಾವೇ ಓದಿಕೊಂಡರು.

"ಹತ್ರಿ. ಗಾಳಿ ಭರ್ತಿ ಐತಿ" ಎಂದರು ಬಸಮ್ಮನವರು.

ಸಿದ್ದಲಿಂಗಯ್ಯನವರು ಎಡಗಡೆಯ ಸೀಟಿನಲ್ಲಿ ಕೂತು, ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡರು. "ಅವತ್ತು ಸ್ಟೆಪ್ನಿ ಎಲ್ಲೈತಿ ಅಂತ ನೀನು ಕೇಳಿದ್ದಿ" ಎಂದು ಮೆಲ್ಲಗೆ ಶುರು ಮಾಡಿದರು. "ನಾನು ನಕ್ಕಿದ್ದೆ. ಇನ್ನು ಪಂಕ್ಚರ್ ಆತು ಅಂತ ಯಾವ ಬಾಯಿಲೆ ಹೇಳಲಿ ಹೇಳು?"

"ಅದಕ್ಕ ದಿನಾ ಮುಂಜಾನೆ ಬಂಕಿಗೆ ಹೋಗಿ ಗಾಳಿ ತುಂಬಿಸಿದ್ರೀ?"

"ಒಂದೊಂದು ದಿನ ಎರಡು ಸಲ."

ಬಸಮ್ಮನವರು ತುಟಿ ಕಚ್ಚಿ ನಗು ತಡೆದುಕೊಂಡರು. ಗಂಡನ ಆ ಪೆಚ್ಚುಮುಖ ನೋಡಿ ಬಯ್ಯಲು ಮನಸ್ಸಾಗಲಿಲ್ಲ. "ನಾನೂ ಹೇಳದಂಗ ಗಾಡಿ ತಗದೀನಲ್ಲ, ಹೋಗ್ಲಿ ಬಿಡ್ರಿ" ಎಂದರು. "ಆದ್ರ ನಾಳೆಯಿಂದ ಹಾಲು ತರೋದು ನಾನು."

ಸಿದ್ದಲಿಂಗಯ್ಯನವರು ಬೆಲ್ಟು ಬಿಗಿದುಕೊಂಡು, ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದರು. ಕಾರು ಆಫೀಸು ಬಿಟ್ಟವರ ಜಂಗುಳಿಯೊಳಗೆ ಮೂತಿ ತೂರಿಸಿತು. ಬಲಗಡೆಯಿಂದ ಬಸ್ಸೊಂದು ಮೈಮೇಲೇ ಬಂದಂತೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ತೆರೆದು ನೋಡಿದರೆ ಬಸ್ಸು ಹಿಂದಾಗಿತ್ತು, ಬಸಮ್ಮನವರು ಕಂಡಕ್ಟರಿಗೆ ಕೈ ಬೀಸುತ್ತಿದ್ದರು. ಸಿಗ್ನಲ್ಲು ಬಂತು. ಗಂಡ ಬಹಳ ಮೆತ್ತಗೆ, "ಇಂಡಿಕೇಟರ್…" ಎಂದರು.

"ಹಾಕೀನ್ರಿ" ಎಂದರು ಬಸಮ್ಮನವರು, ಎಡಕ್ಕೆ ತಿರುಗಿಸುತ್ತ.