ಮುದಕಪ್ಪನ ಕಡಲಕೋಟೆ

ನಾನು ಒಮ್ಮೆ ಅರಬ್ಬೀ ಸಮುದ್ರವನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿ ತೆಗೆದಿದ್ದೇನೆ. ಸುಮ್ಮನೆ ಅಲ್ಲ, ಬಂದರು ಕಾಯುವ ಹಳೆಯ ಕೋಟೆಯ ಪಾಯ ಎಷ್ಟು ಆಳಕ್ಕಿದೆ ಎಂದು ನೋಡಬೇಕಿತ್ತು. ನೋಡಿದೆ. ಪಾಯದ ಕೆಳಗೆ ಇನ್ನೊಂದು ಕೋಟೆ ಇತ್ತು, ಅದರೊಳಗೆ ಮೀನುಗಳು ಪಹರೆ ತಿರುಗುತ್ತಿದ್ದವು. ಅವಕ್ಕೆ ತೊಂದರೆಯಾಗಬಾರದೆಂದು ವಲ್ಲಿ ಹಿಂಡಿ, ಸಮುದ್ರವನ್ನು ಅದರ ಜಾಗಕ್ಕೇ ಬಿಟ್ಟು ಬಂದೆ.

ಎಡ್ವರ್ಡ್ ದೊರೆಯ ಮುಖದ ನಾಣ್ಯಗಳು ಇಲಕಲ್ಲಿನ ಪೇಟೆಗೆ ಹೊಸದಾಗಿ ಬಂದಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಮಗ್ಗವಿತ್ತು. ಸೀರೆಯ ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಬೇಕು. ತಲೆ ಬಗ್ಗಿಸಿ ಕೂತು ಮಾಡುವ ಕೆಲಸ, ಕಣ್ಣು ಎಳೆಯುತ್ತದೆ. ಅದಕ್ಕೇ ನಮ್ಮಲ್ಲಿ ಕೊಂಡಿ ಹಾಕುವ ದಿನ ಒಬ್ಬರು ಎದುರಿಗೆ ಕೂತು ಕಥೆ ಹೇಳಬೇಕು. ಕೊಂಡಿ ಹಾಕುವವಳು ಪಕ್ಕದ ಮನೆಯ ಮಾಸುಮಬಿ. ಹೇಳುವವನು ನಾನು, ಮುದಕಪ್ಪ. ನನ್ನಂಥ ಬಾಯಿ ಕೃಷ್ಣೆಯ ಈಚೆಗೂ ಇಲ್ಲ, ಆಚೆಗೂ ಇಲ್ಲ.

ನನ್ನ ಕಥೆಯ ಆ ಕಡಲಕೋಟೆಯನ್ನು ಕಟ್ಟಿಸಿದ ರಾಜ ಹೆಸರುಗಳು ಹುಟ್ಟುವ ಮೊದಲೇ ಆಳಿದವನು. ಆಮೇಲೆ ಬಂದ ಸುಲ್ತಾನ ಬಂದರಿನ ಬಾಯಿಗೆ ಅಡ್ಡಲಾಗಿ ಸರಪಳಿ ಕಟ್ಟಿಸಿದ. ಅದರ ಒಂದೊಂದು ಬಳೆಯೊಳಗೂ ಆನೆ ಮಲಗಬಹುದಿತ್ತು. ಫಿರಂಗಿಯವರು ಹಡಗಿನಿಂದ ಗುಂಡು ಹಾರಿಸಿದರೆ ಕೋಟೆ ಅವನ್ನು ಔಷಧದ ಗುಳಿಗೆಯಂತೆ ನುಂಗಿ ಸುಮ್ಮನಿರುತ್ತಿತ್ತು. ಕೊನೆಗೆ ಇಂಗ್ಲಿಷರು ಬಂದು ನೆತ್ತಿಯ ಮೇಲೊಂದು ದೀಪವಿಟ್ಟರು. ಈಗ ತೋಪುಗಳ ಬಾಯಲ್ಲಿ ಪಾರಿವಾಳ ಮೊಟ್ಟೆಯಿಡುತ್ತವೆ. ಬೆಳದಿಂಗಳಿದ್ದರೆ ಕೋಟೆಯೇ ಹಗ್ಗ ಬಿಚ್ಚಿದ ದೋಣಿಯ ಹಾಗೆ ಮೆಲ್ಲಗೆ ತೇಲಿಹೋಗಿ, ಬೆಳಗಾಗುವುದರೊಳಗೆ ತಿರುಗಿ ಬರುತ್ತದೆ.

ಮಾಸುಮಬಿಯ ಅಣ್ಣ ಖಾಸಿಂಸಾಬ ದುಡಿಯಲು ಹೋದವನು ಸುದ್ದಿಯನ್ನೇ ಕಳಿಸಿರಲಿಲ್ಲ. ಅವಳಿಗೆ ಅವನನ್ನು ಬಿಟ್ಟರೆ ಯಾರೂ ಇಲ್ಲ. ಒಮ್ಮೆ ಕೊಂಡಿಯ ನಡುವೆ ಅವಳ ಕಣ್ಣು ತುಂಬಿದ್ದು ಕಂಡಿತು. ತಡೆಯಲಾಗಲಿಲ್ಲ, ಖಾಸಿಂಸಾಬನಿಗೆ ಜರಿ ಪೇಟ ಸುತ್ತಿ ಕೋಟೆಯ ನೆತ್ತಿಯ ಮೇಲೆ ನಿಲ್ಲಿಸಿಬಿಟ್ಟೆ. ಅವನು ಕೆಮ್ಮಿದರೆ ಸಾಕು, ಹಡಗುಗಳು ಒಳಗೆ ಬರಲು ಅಪ್ಪಣೆ ಕೇಳುತ್ತವೆ ಎಂದೆ. ಅವಳು ನಕ್ಕಳು.

ಮುಂದಿನ ಸೀರೆಗೆ ಕೊಂಡಿ ಹಾಕುವ ದಿನ ಅವಳು ಗಂಟು ಕಟ್ಟಿಕೊಂಡೇ ಬಂದಳು.

“ಕಾಕಾ, ಇದೊಂದು ಮುಗಿಸಿ ಹೊಂಟೇನ್ರಿ. ಉಪ್ಪಿನ ಗಾಡಿಯವರು ನಾಳೆ ಘಟ್ಟದ ಕಡಿ ಹೊಂಟಾರ. ಮನಿ ಓಣ್ಯಾಗಿನ ಜಲಾಲುದ್ದೀನ ಮಾಮಾಗ ಬಿಟ್ಟುಕೊಟ್ಟೀನಿ.”

“ಎಲ್ಲಿಗೆವಾ?”

“ನಿಮ್ಮ ಕೋಟಿಗೆ. ನಮ್ಮಣ್ಣ ಅಲ್ಲೇ ಅದಾನಲ್ಲ.”

ಸಮುದ್ರ ಒರೆಸಿದವನ ಬಾಯಿ ಒಣಗಿತು.

“ಇನ್ನೊಮ್ಮಿ ಹೇಳ್ರಿ. ದೂರದಿಂದ ಗುರುತು ಹಿಡೀಬೇಕು.”

ಹೇಳತೊಡಗಿದೆ. ಮೂರು ಕೆಂಪು ಗೋಡೆ, ನಡುನಡುವೆ ಬೆಳ್ಳಗೆ ನೊರೆಯ ಪಟ್ಟಿ. ಗೋಡೆಯ ಹಲ್ಲುಗಳು ಮೇಲಕ್ಕೂ ಚಾಚಿವೆ, ನೀರಿನೊಳಗೆ ಕೆಳಕ್ಕೂ ಚಾಚಿವೆ. ಗಾಳಿ ಬಂದರೆ ಕೋಟೆಯೆಲ್ಲ ಅಲೆಯಾಡುತ್ತದೆ...

ಮಾಸುಮಬಿಯ ಬೆರಳು ನಿಂತವು. ನನ್ನ ಕಣ್ಣು ಹೋದ ಕಡೆಗೆ ಅವಳೂ ತಿರುಗಿದಳು. ಅಂಗಳದ ಹಗ್ಗದ ಮೇಲೆ ನನ್ನ ಹೆಂಡತಿ ರೇಣವ್ವನ ಮದುವೆಯ ಸೀರೆ ಒಣಗುತ್ತಿತ್ತು. ಕೆಂಪು ಬಿಳಿ ಪಟ್ಟಿಯ, ಕೋಟೆಯ ಹಲ್ಲಿನಂತೆ ನೇಯ್ದ ಅದರ ತೋಪತೆನಿ ಸೆರಗು ಗಾಳಿಗೆ ಹಾರುತ್ತಿತ್ತು. ಮಾಸುಮಬಿ ಎದ್ದು ಹೋಗಿ ಸೀರೆಯನ್ನು ಎಳೆದು, ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

“ಹೂಂ, ಈಗ ಹೇಳ್ರಿ. ದೊಡ್ಡ ಬಾಗಲಾ ಯಾವ ಕಡಿ?”

ಬರಿಯ ಹಗ್ಗ. ಅದರಾಚೆ ಬೇವಿನ ಮರ.

“ಬಾಗಲಾ... ಬಾಗಲದ ಮ್ಯಾಲ ಒಂದು... ಕಾಗಿ...”

ಬೀಸುವ ಕಲ್ಲಿನ ಹತ್ತಿರದಿಂದ ರೇಣವ್ವ ಗೊಳ್ಳೆಂದು ನಕ್ಕಳು. “ನಾ ಸೀರಿ ಒಣಾ ಹಾಕಿದ ದಿನಾನೇ ಇವರ ಸಮುದ್ರ ಉಕ್ಕತೈತಿ ನೋಡವಾ!”

ಮಾಸುಮಬಿ ನಗಲಿಲ್ಲ. “ಹಂಗಾದ್ರ ನಮ್ಮಣ್ಣ?”

ನಾನು ವಲ್ಲಿಯಿಂದ ಮುಖ ಒರೆಸಿಕೊಂಡೆ.

“ಸಮುದ್ರ ನಾ ನೋಡೇ ಇಲ್ಲವಾ. ನಿಮ್ಮಣ್ಣನ ಕೂಡ ಬಾದಾಮಿ ತನಕ ಹೋಗಿದ್ದೆ. ರೈಲು ಬುಸ್ ಅಂದಕೂಡ್ಲೇ ಅಂಜಿಕಿ ಬಂತು, ನಾ ಹತ್ತಲಿಲ್ಲ. ತಿರುಗಿ ಬಾದಾಮಿ ಊರಾಗ ಬಂದು ಹೊಂಡದ ಪಾವಟಿಗಿ ಮ್ಯಾಲ ಕುಂತೆ. ಸಂಜಿ ಆಗಿತ್ತು. ಗುಡ್ಡದ ಮ್ಯಾಲಿನ ಕೆಂಪು ಕೋಟಿ ನೀರಾಗ ತಲಿಕೆಳಗಾಗಿ ನಿಂತಿತ್ತು. ಯಾರೋ ಹೆಣ್ಣುಮಗಳು ಒಗೆದ ಸೀರಿ ಗಾಳಿಗೆ ಹಿಡಿದಿದ್ಲು. ಸೆರಗ್ಯಾವುದು, ಕೋಟಿ ಯಾವುದು, ನೀರ್ಯಾವುದು, ಒಂದೂ ತಿಳೀಲಿಲ್ಲ. ಅಷ್ಟ ನನ್ನ ಬಂದರ.”

“ಅಣ್ಣ ಎತ್ತಾಗ ಹೋದ, ಕಾಕಾ?”

“ಗದಗಿನ ರೈಲಿನ್ಯಾಗ. ಜರಿ ಪೇಟಾ ಎಲ್ಲೀದು, ಹರಕ ಟೊಪಗಿ. ಸಮುದ್ರದ ಮಾತು ಅವನ ಬಾಯಾಗ ಬಂದೇ ಇರಲಿಲ್ಲ. ಕಿಡಕಿಯಿಂದ ಕೈ ಮಾಡಿದ್ದು ಖರೆ. ಉಳಿದದ್ದೆಲ್ಲಾ ನಂದು. ಗಂಟು ಬಿಚ್ಚವಾ.”